ಮಾನಸಿಕ ಕಾಯಿಲೆಗೆ ಸರ್ಕಾರಿ ಕಾರ್ಡಿನಲ್ಲಿ ಚಿಕಿತ್ಸೆ, ಮನೆಯಲ್ಲಿ ಆರೈಕೆ: ಯಾವುದನ್ನು ಎಲ್ಲಿ ಕೇಳಬೇಕು

ಮನೆಯಲ್ಲೊಬ್ಬರಿಗೆ ಸ್ಕಿಜೋಫ್ರೀನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಅಥವಾ ಮರೆವಿನ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕೇಳುವುದು ಒಂದೇ ಮಾತು: ‘ಇಲ್ಲಿ ಕಾರ್ಡು ನಡೆಯುತ್ತಾ?’ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ದುಡ್ಡು ಕಟ್ಟುವುದು ಮುಖ್ಯವಾಗಿ ಅಡ್ಮಿಟ್ ಆದಾಗ. ಮಾನಸಿಕ ಕಾಯಿಲೆಯವರು ವರ್ಷದಲ್ಲಿ ಬಹುಪಾಲು ದಿನ ಕಳೆಯುವುದು ಮನೆಯಲ್ಲಿ. ಅವರಿಗೆ ಬೇಕಾಗಿರುವುದು ತಿಂಗಳು ತಿಂಗಳು ಮಾತ್ರೆ, ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಸ್ನಾನ ಊಟಕ್ಕೆ ಎಬ್ಬಿಸುವ ಒಬ್ಬರು. ಇವುಗಳಲ್ಲಿ ಹೆಚ್ಚಿನದು ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬೇರೆ ಬಾಗಿಲಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಹಾಗಾಗಿ ಬೇಕಿರುವುದನ್ನು ಮೂರಾಗಿ ಒಡೆದುಕೊಳ್ಳಿ: ಹಾಸಿಗೆ, ಮಾತ್ರೆ, ಮನೆ. ಹಾಸಿಗೆಯ ಖರ್ಚು ಆರೋಗ್ಯ ಕಾರ್ಡಿನದು. ಮಾತ್ರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ್ದು. ಮನೆಯ ಭಾಗಕ್ಕೆ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಹಗಲು ಆರೈಕೆ ಕೇಂದ್ರ, ಅಂಗವಿಕಲರ ಸೌಲಭ್ಯಗಳು ಸೇರಿ ದಾರಿಯಾಗಬೇಕು. ಮೂರೂ ಒಂದೇ ಕಡೆ ಸಿಗಲಿ ಎಂದು ಹುಡುಕುತ್ತಾ ಕೂತವರು ತಿಂಗಳುಗಟ್ಟಲೆ ಕಾಲ ಕಳೆದುಕೊಳ್ಳುತ್ತಾರೆ, ಅಷ್ಟರಲ್ಲಿ ಮಾತ್ರೆ ನಿಂತಿರುತ್ತದೆ.

ಈಗಲೇ ಅಪಾಯ ಇದ್ದರೆ

ಸಾಯುವ ಮಾತಾಡುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ತಮಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವ ಸ್ಥಿತಿ ಇದ್ದರೆ ಕಾರ್ಡು, ಕಾಗದ ಎಲ್ಲ ಆಮೇಲೆ. 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಇಂಥ ತುರ್ತಿನಲ್ಲಿ ಯಾವ ನೋಂದಾಯಿತ ವೈದ್ಯರಾದರೂ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು, ಮನೋವೈದ್ಯರೇ ಆಗಬೇಕೆಂದಿಲ್ಲ. ‘ಇಲ್ಲಿ ಸೈಕಿಯಾಟ್ರಿ ಇಲ್ಲ’ ಎಂದು ಬಾಗಿಲಲ್ಲೇ ಕಳಿಸಿದರೆ ಈ ಸೆಕ್ಷನ್ನಿನ ಹೆಸರು ಹೇಳಿ. ತುರ್ತು ಚಿಕಿತ್ಸೆಗೆ ಆರೋಗ್ಯ ಕರ್ನಾಟಕದಲ್ಲೂ ರೆಫರಲ್ ಪತ್ರ ಬೇಡ.

ಆಂಬುಲೆನ್ಸ್ ಬರುವ ಮೊದಲು ಮನೆಯಲ್ಲಿರುವ ಕೀಟನಾಶಕ, ಇಲಿ ಪಾಷಾಣ, ಉಳಿದ ಮಾತ್ರೆಗಳನ್ನು ಪಕ್ಕದ ಮನೆಗೆ ಸಾಗಿಸಿ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿರುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ.

ಮಾತಾಡಿಸಿ ದಾರಿ ಹೇಳುವವರು ಬೇಕಿದ್ದರೆ ಟೆಲಿ-ಮಾನಸ್ ಸಂಖ್ಯೆ 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ಸಂಪರ್ಕಿಸುತ್ತಾರೆ. ತುರ್ತು ಇಲ್ಲದವರಿಗೂ ಈ ಸಂಖ್ಯೆಯಿಂದ ಇನ್ನೊಂದು ಉಪಯೋಗವಿದೆ: ‘ನಮ್ಮ ತಾಲ್ಲೂಕಿನಲ್ಲಿ ಮನೋವೈದ್ಯರು ಯಾವ ದಿನ, ಎಲ್ಲಿ ಸಿಗುತ್ತಾರೆ’ ಎಂದು ಕೇಳಿಕೊಳ್ಳಿ.

ಕಾಗದ ಜೋಡಿಸುವುದು

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಷ್ಟು ಇರಲಿ: ಕಾಯಿಲೆಯವರ ಆಧಾರ್, ಕುಟುಂಬದ ರೇಷನ್ ಕಾರ್ಡು, ಆರೋಗ್ಯ ಕಾರ್ಡು ಆಗಿದ್ದರೆ ಅದು, ಹಳೆಯ ಚೀಟಿಗಳು, ಡಿಸ್ಚಾರ್ಜ್ ಸಾರಾಂಶ, ಇತ್ತೀಚಿನ ರಕ್ತಪರೀಕ್ಷೆ ವರದಿ, ಜೊತೆಗೆ ಹೋಗುವವರ ಆಧಾರ್. ಎಲ್ಲದರ ಎರಡೆರಡು ಜೆರಾಕ್ಸ್. ಕಾರ್ಡು ಇನ್ನೂ ಆಗಿಲ್ಲದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ.

ಹೆಚ್ಚಿನ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಕಾಯಿಲೆಯವರ ಹೆಸರೇ ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ. ಮದುವೆಯಾಗಿ ಹೋಗಿ ಕಾಯಿಲೆಯಿಂದ ತವರಿಗೆ ಮರಳಿದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಸಾಮಾನ್ಯ. ಹೆಸರು ಗಂಡನ ಮನೆಯ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿಂದ ತೆಗೆಸಿ ಇಲ್ಲಿ ಸೇರಿಸಲು ಆಹಾರ ಇಲಾಖೆಯಲ್ಲಿ ಸಮಯ ಹಿಡಿಯುತ್ತದೆ, ಆದ್ದರಿಂದ ಅಡ್ಮಿಟ್ ಆಗುವ ಪ್ರಸಂಗ ಬರುವ ಮೊದಲೇ ಮಾಡಿಸಿ. ಎರಡು, ಆಧಾರಿನ ಹೆಸರು ಮತ್ತು ರೇಷನ್ ಕಾರ್ಡಿನ ಹೆಸರು ಹೊಂದುವುದಿಲ್ಲ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಿ’ ಎಂದಿದ್ದರೆ ಕೌಂಟರಿನ ಕಂಪ್ಯೂಟರು ಒಪ್ಪುವುದಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲು ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದೂ ನೋಡಿ, ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ.

ಎಷ್ಟು ಸಿಗುತ್ತದೆ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಒಟ್ಟು 5 ಲಕ್ಷ ರೂಪಾಯಿವರೆಗೆ. ಅದು ಇಡೀ ಕುಟುಂಬಕ್ಕೆ ಸೇರಿದ ಮೊತ್ತ, ಒಬ್ಬೊಬ್ಬರಿಗೆ ಬೇರೆ ಬೇರೆ ಅಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ, ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಗರಿಷ್ಠ 1.5 ಲಕ್ಷ, ಉಳಿದ ಶೇ 70 ನಿಮ್ಮದು. ಎಪಿಎಲ್ ಕಾರ್ಡಿನವರು ಇದನ್ನು ತಿಳಿಯದೆ ‘ಎಲ್ಲಾ ಫ್ರೀ’ ಎಂದುಕೊಂಡು ಖಾಸಗಿ ಆಸ್ಪತ್ರೆಗೆ ಸೇರಿಸಿ ಕೊನೆಗೆ ಬಿಲ್ಲು ನೋಡಿ ಕಂಗಾಲಾಗುವುದುಂಟು.

ಕಾರ್ಡೇ ಇಲ್ಲದ ಬಡವರಿಗೆ ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ನೆರವಿಗಿದೆ: ಬಡತನ ರೇಖೆಗಿಂತ ಕೆಳಗಿರುವವರು, ಬಿಪಿಎಲ್ ಕಾರ್ಡು ಇದ್ದರೂ ಇಲ್ಲದಿದ್ದರೂ, ಮನೆಯಿಲ್ಲದವರು, ನಿರ್ಗತಿಕರು ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನದಲ್ಲಿ ನಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಹಕ್ಕುದಾರರು.

ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಕಾರ್ಡು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮಾಡಿದ್ದು. ಮಾನಸಿಕ ಕಾಯಿಲೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಮಾತ್ರೆ: ತಾಲ್ಲೂಕು ಆಸ್ಪತ್ರೆಯ ಮಂಗಳವಾರ

ಇಲ್ಲಿಂದಲೇ ಶುರು ಮಾಡಿ ಎಂಬುದು ನಮ್ಮ ಸಲಹೆ. ಕಾಯಿಲೆಯನ್ನು ಹಿಡಿತದಲ್ಲಿಡುವುದು ತಪ್ಪದ ಮಾತ್ರೆ. ಅದು ಸರಿಯಾಗಿ ನಡೆದರೆ ಹಾಸಿಗೆಯ ಅಗತ್ಯ ಎಷ್ಟೋ ಸಲ ಬರುವುದೇ ಇಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು. 1996ರಲ್ಲಿ ಅದನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿತು. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದರ ತಂಡವಿದೆ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್. ಈ ತಂಡದ ಮನೋವೈದ್ಯರು ಸರದಿಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಅದೇ ಮನೋಚೈತನ್ಯ ಕಾರ್ಯಕ್ರಮ, ಮಂಗಳವಾರದ ಕ್ಲಿನಿಕ್. ಕೆಲವು ಕಡೆ ಎಲ್ಲ ಮಂಗಳವಾರವೂ ಇರುವುದಿಲ್ಲ, ಕೆಲವು ಕಡೆ ವಾರವೇ ಬದಲಾಗಿರುತ್ತದೆ. ಹೊರಡುವ ಹಿಂದಿನ ದಿನ ತಾಲ್ಲೂಕು ಆಸ್ಪತ್ರೆಗೋ ನಿಮ್ಮ ಆಶಾ ಕಾರ್ಯಕರ್ತೆಗೋ ಫೋನು ಮಾಡಿ ಖಚಿತ ಮಾಡಿಕೊಳ್ಳಿ. ಜೊತೆಗೆ ಹೋಗುವವರು ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ, ಆಧಾರ್ ಕೈಯಲ್ಲಿರಲಿ.

ಖಾಸಗಿ ವೈದ್ಯರಿಂದ ಸರ್ಕಾರಿ ಕ್ಲಿನಿಕ್ಕಿಗೆ ಬದಲಾಗುವವರು ಮೊದಲು ಮಾಡಬೇಕಾದ ಕೆಲಸ: ಮಾತ್ರೆಯ ಹಾಳೆಯ ಹಿಂಬದಿ ನೋಡಿ. ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ರಿಸ್ಪೆರಿಡೋನ್ 2 ಮಿ.ಗ್ರಾಂ’, ‘ಓಲಾಂಜಪಿನ್ 10 ಮಿ.ಗ್ರಾಂ’ ಎಂಬಂತೆ ಔಷಧದ ನಿಜವಾದ ಹೆಸರು ಇರುತ್ತದೆ. ಸರ್ಕಾರಿ ಔಷಧಾಲಯದಲ್ಲಿ ಕೊಡುವುದು ಆ ಹೆಸರಿನ ಮೇಲೆ. ಎರಡು ಔಷಧ ಒಂದೇ ಗುಳಿಗೆಯಲ್ಲಿ ಸೇರಿರುವ ಮಾತ್ರೆಗಳಿದ್ದರೆ ಎರಡರ ಹೆಸರನ್ನೂ ಪ್ರಮಾಣವನ್ನೂ ಬರೆದುಕೊಳ್ಳಿ. ಬರಿಯ ಕಂಪನಿ ಹೆಸರು ಹೇಳಿದರೆ ‘ನಮ್ಮಲ್ಲಿಲ್ಲ’ ಎಂಬ ಉತ್ತರ ಬರುತ್ತದೆ, ಅದೇ ಔಷಧ ಒಳಗೆ ಕಪಾಟಿನಲ್ಲಿದ್ದರೂ.

ಕ್ಲಿನಿಕ್ಕಿನಲ್ಲಿ ಕೇಳಲೇಬೇಕಾದ ನಾಲ್ಕು ವಿಷಯಗಳಿವೆ.

ಎಷ್ಟು ದಿನದ ಮಾತ್ರೆ ಕೊಡುತ್ತೀರಿ, ಮುಂದಿನ ಭೇಟಿಗೆ ಮೊದಲೇ ಮುಗಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆಯೇ? ಅಗತ್ಯ ಔಷಧಗಳ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕೆಂದು ಕಾಯ್ದೆಯೇ ಹೇಳುತ್ತದೆ. ದಾಸ್ತಾನು ಇಲ್ಲ ಎಂದರೆ ಚೀಟಿಯ ಮೇಲೆ ಹಾಗೆಂದು ಬರೆಸಿಕೊಂಡು, ಅಲ್ಲಿಯವರೆಗೆ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ. ಎರಡು ದಿನವೂ ಬಿಡಬೇಡಿ.

ಮಾತ್ರೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಡಿಪೋ ಇಂಜೆಕ್ಷನ್ ಸರಿಹೋಗುತ್ತದೆಯೇ? ಫ್ಲೂಫೆನಜಿನ್, ಹ್ಯಾಲೋಪೆರಿಡಾಲ್ ಈ ಬಗೆಯವು. ಯಾವ ಕೇಂದ್ರದಲ್ಲಿ, ಯಾರು ಚುಚ್ಚುತ್ತಾರೆ ಎಂದೂ ಕೇಳಿ.

ಲಿಥಿಯಂ ತೆಗೆದುಕೊಳ್ಳುವವರಾದರೆ ರಕ್ತದಲ್ಲಿ ಅದರ ಮಟ್ಟ ನೋಡುವ ಪರೀಕ್ಷೆ ಇಲ್ಲಿ ಆಗುತ್ತದೆಯೇ, ಜಿಲ್ಲಾಸ್ಪತ್ರೆಗೆ ಹೋಗಬೇಕೇ? ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ರಾತ್ರಿ 8ಕ್ಕೆ ನುಂಗಿದರೆ ಬೆಳಿಗ್ಗೆ 8ಕ್ಕೆ, ಬೆಳಗಿನ ಮಾತ್ರೆ ತೆಗೆದುಕೊಳ್ಳುವ ಮುಂಚೆ. ಇದು ತಪ್ಪಿದರೆ ವರದಿ ಸುಳ್ಳು ಹೇಳುತ್ತದೆ, ವೈದ್ಯರು ಪ್ರಮಾಣ ತಪ್ಪಾಗಿ ಬದಲಿಸಬೇಕಾಗುತ್ತದೆ. ವಾಂತಿ ಭೇದಿ ಆದಾಗ, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ನುಂಗಿದಾಗ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತಡವರಿಸುವುದು, ಮಂಕಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಕ್ಲೋಜಪಿನ್ ಆದರೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ಆಗಬೇಕು, ಏಕೆಂದರೆ ಕೆಲವರಲ್ಲಿ ಬಿಳಿ ರಕ್ತಕಣ ದಿಢೀರನೆ ಇಳಿಯುತ್ತದೆ. ಜ್ವರ, ಗಂಟಲುನೋವು ಬಂದರೆ ಸಾದಾ ನೆಗಡಿ ಎಂದು ಬಿಡದೆ ಅಂದೇ ರಕ್ತ ಪರೀಕ್ಷಿಸಿ. ವಾರವಾರದ ಈ ಪರೀಕ್ಷೆಯನ್ನು ಎಲ್ಲಿ ಮಾಡಿಸುವುದು ಎಂದು ತೀರ್ಮಾನವಾಗದೆ ಈ ಮಾತ್ರೆ ಶುರು ಮಾಡಿಕೊಳ್ಳಬೇಡಿ.

ಹಾಸಿಗೆ: ಕಾರ್ಡು ನಡೆಯುವ ಆಸ್ಪತ್ರೆ ಹುಡುಕುವುದು

ಸಂಸ್ಥೆಯ ಗೋಡೆಯ ಮೇಲೆ ‘ಆಯುಷ್ಮಾನ್ ಕಾರ್ಡು ಸ್ವೀಕರಿಸಲಾಗುತ್ತದೆ’ ಎಂಬ ಫಲಕ ಇದ್ದ ಮಾತ್ರಕ್ಕೆ ಸೈಕಿಯಾಟ್ರಿಗೂ ನಡೆಯುತ್ತದೆ ಎಂದು ತಿಳಿಯಬೇಡಿ. ಆಸ್ಪತ್ರೆಗಳು ಯೋಜನೆಗೆ ನೋಂದಾಯಿಸಿಕೊಳ್ಳುವುದು ವಿಭಾಗವಾರು. ಹೃದಯಕ್ಕೆ, ಮೂಳೆಗೆ ನೋಂದಣಿ ಇದ್ದು ಮನೋರೋಗಕ್ಕೆ ಇಲ್ಲದ ಆಸ್ಪತ್ರೆಗಳು ಬಹಳ. ಮಾನಸಿಕ ಚಿಕಿತ್ಸೆಗೆ ಕಾರ್ಡು ಸಲೀಸಾಗಿ ನಡೆಯುವುದು ಸರ್ಕಾರಿ ಜಿಲ್ಲಾಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಎಂದು ಎಣಿಸಿಯೇ ಹುಡುಕಾಟ ಆರಂಭಿಸಿ. ಹತ್ತಿರದ ಜಿಲ್ಲಾಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಗೆ ನೇರ ಬೆಂಗಳೂರಿಗೆ ಹೋಗುವುದು ಬೇಡ. ಬಿಡುಗಡೆಯಾದ ಮೇಲೆ ತಪಾಸಣೆಗೆ ಪ್ರತಿ ಸಲ ಅಷ್ಟು ದೂರ ಹೋಗಲಾರದೆ ಮಾತ್ರೆ ಬಿಟ್ಟವರೇ ಹೆಚ್ಚು.

ದಾರಿ ಹೀಗೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದ ಚಿಕಿತ್ಸೆಯಾದರೆ ವೈದ್ಯರು ಆನ್‌ಲೈನಿನಲ್ಲಿ ರೆಫರಲ್ ಮಾಡುತ್ತಾರೆ. ಬರಿಯ ಬಿಳಿ ಹಾಳೆಯಲ್ಲಿ ‘ರೆಫರ್ ಮಾಡಿದೆ’ ಎಂದು ಬರೆದ ಚೀಟಿ ಸಾಲದು, ಯೋಜನೆಯ ಕೌಂಟರಿನಲ್ಲಿ ನಮೂದಾಗಿ ಬಂದ ಪತ್ರ ಬೇಕು. ಪತ್ರದಲ್ಲಿ ಯಾವ ವಿಭಾಗ, ಯಾವ ಕಾಯಿಲೆ ಎಂದು ಸರಿಯಾಗಿ ಬಂದಿದೆಯೇ ಎಂದು ಅಲ್ಲೇ ನಿಂತು ಓದಿ. ‘ಜನರಲ್ ಮೆಡಿಸಿನ್’ ಎಂದು ಬಂದಿದ್ದರೆ ಮುಂದಿನ ಆಸ್ಪತ್ರೆಯ ಸೈಕಿಯಾಟ್ರಿ ವಿಭಾಗ ವಾಪಸು ಕಳಿಸುತ್ತದೆ.

ಹೋಗುವ ಮೊದಲು ಆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರೊಂದಿಗೆ ಫೋನಿನಲ್ಲಿ ಮಾತಾಡಿ. ಮಾತು ಹೀಗಿರಲಿ:

‘ಸರ್, ನಮ್ಮದು ಬಿಪಿಎಲ್ ಕಾರ್ಡು. ಕಾಯಿಲೆಯವರು ನನ್ನ ತಮ್ಮ, 28 ವರ್ಷ, ಸ್ಕಿಜೋಫ್ರೀನಿಯಾ. ಜಿಲ್ಲಾಸ್ಪತ್ರೆಯಿಂದ ರೆಫರಲ್ ಆಗಿದೆ. ನಿಮ್ಮಲ್ಲಿ ಸೈಕಿಯಾಟ್ರಿ ವಿಭಾಗ ಯೋಜನೆಯಲ್ಲಿ ಇದೆಯಾ? ಈಗ ಹಾಸಿಗೆ ಖಾಲಿ ಇದೆಯಾ? ಮಂಜೂರಾತಿ ಬರೋವರೆಗೆ ನಾವು ಅಡ್ವಾನ್ಸ್ ಕಟ್ಟಬೇಕಾ? ರಕ್ತಪರೀಕ್ಷೆ, ಸ್ಕ್ಯಾನಿಂಗ್ ಪ್ಯಾಕೇಜಿನಲ್ಲೇ ಬರುತ್ತಾ? ಜೊತೆಗೆ ಇರೋರು ಒಬ್ಬರು ಬೇಕೇ ಬೇಕಾ?’

ಉತ್ತರ ಕೊಟ್ಟವರ ಹೆಸರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಉತ್ತರ ಅಸ್ಪಷ್ಟವಾಗಿದ್ದರೆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಉಚಿತ ಸಂಖ್ಯೆ 1800 425 8330ಕ್ಕೆ, ಇಲ್ಲವೇ 104ಕ್ಕೆ ಕರೆ ಮಾಡಿ ಅದೇ ಪ್ರಶ್ನೆ ಕೇಳಿ. ಕೊನೆಯ ಪ್ರಶ್ನೆ ಸಣ್ಣದೆಂದು ಬಿಡಬೇಡಿ. ಬಹಳ ಆಸ್ಪತ್ರೆಗಳ ಮನೋರೋಗ ವಾರ್ಡಿನಲ್ಲಿ ಮನೆಯವರೊಬ್ಬರು ಹಗಲು ರಾತ್ರಿ ಜೊತೆಗಿರಬೇಕು ಎಂಬ ನಿಯಮವಿದೆ. ಕೂಲಿ ಬಿಟ್ಟು ಎರಡು ವಾರ ಇರುವವರು ಯಾರು ಎಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಅರ್ಧದಲ್ಲೇ ಬಿಡಿಸಿಕೊಂಡು ಬರಬೇಕಾಗುತ್ತದೆ.

ಖಾಸಗಿ ಆಸ್ಪತ್ರೆ, ಪುನರ್ವಸತಿ ಕೇಂದ್ರ, ವ್ಯಸನಮುಕ್ತಿ ಕೇಂದ್ರ ಯಾವುದೇ ಆಗಲಿ, ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ನೋಂದಣಿಯ ಕೆಲಸ ರಾಜ್ಯದ ‘ಇ-ಮಾನಸ್’ ಜಾಲತಾಣದಲ್ಲಿ ನಡೆಯುತ್ತದೆ. ಪತ್ರ ತೋರಿಸಲು ಹಿಂದೆ ಮುಂದೆ ನೋಡುವ ಕಡೆ, ಮನೆಯವರು ಬಂದು ನೋಡಬಾರದು ಎನ್ನುವ ಕಡೆ, ‘ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿ’ ಎನ್ನುವ ಕಡೆ ನಿಮ್ಮವರನ್ನು ಬಿಡಬೇಡಿ. ಸರಪಳಿಯಲ್ಲಿ ಕಟ್ಟುವುದನ್ನು, ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವುದನ್ನು ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ.

ಅಡ್ಮಿಟ್ ಆಗುವಾಗ ಸಹಿ ಹಾಕುವ ಅರ್ಜಿ ಯಾವುದು ಎಂದು ನೋಡಿ. ಕಾಯಿಲೆಯವರೇ ಒಪ್ಪಿ ಸೇರಿದರೆ ಅದು ಸ್ವತಂತ್ರ ದಾಖಲಾತಿ, ಅವರು ಕೇಳಿದಾಗ ಬಿಡುಗಡೆ ಸಾಮಾನ್ಯ ನಿಯಮ. ಒಪ್ಪುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವರು ಹೆಸರಿಸಿದ ಪ್ರತಿನಿಧಿಯ ಅರ್ಜಿಯ ಮೇಲೆ 89ನೇ ಸೆಕ್ಷನ್ನಿನಲ್ಲಿ 30 ದಿನದವರೆಗೆ ಇರಿಸಿಕೊಳ್ಳಬಹುದು. ಪ್ರತಿನಿಧಿ ಯಾರಾಗಬೇಕೆಂದು ಅವರು ಚೆನ್ನಾಗಿರುವಾಗಲೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಸಿ ಫೈಲಿನಲ್ಲಿಡಿ. ಅಣ್ಣತಮ್ಮಂದಿರ ನಡುವೆ ಆಸ್ತಿಯ ಮಾತು ಇರುವ ಮನೆಗಳಲ್ಲಂತೂ ಈ ಒಂದು ಹಾಳೆ ಎಷ್ಟೋ ಜಗಳ ತಪ್ಪಿಸುತ್ತದೆ.

ಬಿಡುಗಡೆಯ ದಿನ

ಮನೆಯ ಆರೈಕೆ ಚೆನ್ನಾಗಿ ಆಗುವುದೋ ಇಲ್ಲವೋ ಎಂಬುದು ಈ ದಿನವೇ ತೀರ್ಮಾನವಾಗುತ್ತದೆ. 98ನೇ ಸೆಕ್ಷನ್ ಪ್ರಕಾರ ಬಿಡುಗಡೆಗೆ ಮೊದಲು ಮನೋವೈದ್ಯರು ಕಾಯಿಲೆಯವರು, ಅವರ ಪ್ರತಿನಿಧಿ, ಮನೆಯಲ್ಲಿ ನೋಡಿಕೊಳ್ಳುವವರು, ಮುಂದೆ ಚಿಕಿತ್ಸೆ ಮುಂದುವರಿಸುವ ವೈದ್ಯರು, ಇವರೊಂದಿಗೆ ಮಾತಾಡಿ ಯೋಜನೆ ಮಾಡಬೇಕು. ವಾರ್ಡಿನ ಗಡಿಬಿಡಿಯಲ್ಲಿ ಇದು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ನೀವೇ ಹಿಂದಿನ ದಿನ ಸಮಾಜ ಕಾರ್ಯಕರ್ತರನ್ನು ಕಂಡು ಕೇಳಿ.

ಡಿಸ್ಚಾರ್ಜ್ ಸಾರಾಂಶದಲ್ಲಿ ಇರಬೇಕಾದವು: ಕಾಯಿಲೆಯ ಹೆಸರು, ಔಷಧದ ನಿಜವಾದ ಹೆಸರು ಮತ್ತು ಪ್ರಮಾಣ, ಯಾವ ಔಷಧ ಹಿಂದೆ ಕೊಟ್ಟು ಯಾಕೆ ನಿಲ್ಲಿಸಿದರು, ಮುಂದಿನ ರಕ್ತಪರೀಕ್ಷೆಯ ದಿನ, ಮತ್ತೆ ಕಾಯಿಲೆ ಮರುಕಳಿಸುವ ಮುನ್ಸೂಚನೆಗಳು. ಇದರ ಜೊತೆಗೆ ನಿಮ್ಮ ತಾಲ್ಲೂಕಿನ ಮಂಗಳವಾರದ ಕ್ಲಿನಿಕ್ಕಿಗೆ ಬರೆದ ಪತ್ರ ಕೇಳಿ ಪಡೆಯಿರಿ. ಅದೊಂದಿದ್ದರೆ ಅಲ್ಲಿನ ವೈದ್ಯರು ಮೊದಲಿನಿಂದ ಶುರು ಮಾಡದೆ ಮುಂದುವರಿಸುತ್ತಾರೆ.

ಆಯುಷ್ಮಾನ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನದ ಔಷಧವೂ ಸೇರಿರುತ್ತದೆ. ಅದನ್ನು ಕೊಡಿಸಿಕೊಂಡೇ ಹೊರಡಿ, ಮತ್ತು ಆ 15 ದಿನ ಮುಗಿಯುವುದರೊಳಗೆ ಬರುವ ಕ್ಲಿನಿಕ್ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿದ್ದೆಗೆಂದು ಕ್ಲೊನಜೆಪಾಮ್ ಕೊಟ್ಟಿದ್ದರೆ ಯಾವಾಗ, ಹೇಗೆ ಕಡಿಮೆ ಮಾಡಬೇಕು ಎಂದು ಕೇಳಿ. ಬಹುಕಾಲ ನುಂಗಿ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು.

ಮನೆ: ಯಾರು ಬರುತ್ತಾರೆ

ನೇರವಾಗಿ ಹೇಳುವುದಾದರೆ, ತಿಂಗಳಿಗಿಷ್ಟು ಎಂದು ಹೋಮ್ ನರ್ಸ್ ಸಂಬಳವನ್ನು ಈ ಕಾರ್ಡು ಕೊಡುವುದಿಲ್ಲ. ಆದರೆ ಕುಟುಂಬದ ಅಥವಾ ಮನೆಯ ಮಟ್ಟದ ಪುನರ್ವಸತಿಗೆ ಬೆಂಬಲ ಕೊಡುವುದು ಸರ್ಕಾರದ ಹೊಣೆ ಎಂದು 18ನೇ ಸೆಕ್ಷನ್ ಬರೆದಿದೆ. ಆ ಬೆಂಬಲ ತುಂಡುತುಂಡಾಗಿ ಸಿಗುತ್ತದೆ, ನೀವೇ ಕೂಡಿಸಿಕೊಳ್ಳಬೇಕು.

ಮೊದಲನೆಯವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ. ಮಾನಸಿಕ ಆರೋಗ್ಯ ಅವರ ಕೆಲಸದ ಪಟ್ಟಿಯಲ್ಲೇ ಇದೆ. ‘ಸ್ವಲ್ಪ ನೋಡಿಕೊಳ್ಳಿ’ ಎಂದರೆ ಏನೂ ಆಗುವುದಿಲ್ಲ, ನಿರ್ದಿಷ್ಟವಾಗಿ ಕೇಳಿ: ‘ತಿಂಗಳಿಗೊಮ್ಮೆ ಮನೆಗೆ ಬಂದು ಬಿಪಿ, ತೂಕ ನೋಡಿ, ಮಾತ್ರೆ ಎಣಿಸಿ, ಇಂಜೆಕ್ಷನ್ ದಿನ ನೆನಪು ಮಾಡಿ.’ ಮನೋರೋಗದ ಹಲವು ಮಾತ್ರೆಗಳಿಂದ ತೂಕ, ಸಕ್ಕರೆ ಏರುವುದರಿಂದ ತೂಕ ನೋಡುವುದು ನಿಜಕ್ಕೂ ಮುಖ್ಯ.

ಎರಡನೆಯವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲ ಗುರುತಿನ ಚೀಟಿ, ಪಿಂಚಣಿ ಅರ್ಜಿ ಓಡಾಟವೆಲ್ಲ ಇವರ ಮೂಲಕ ಸುಲಭ. ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ ಎಂದು ಎಷ್ಟೋ ಮನೆಗಳಿಗೆ ತಿಳಿಯದೆ ಇವರ ಬಳಿ ಹೋಗುವುದೇ ಇಲ್ಲ.

ಮೂರನೆಯದು ಹಗಲು ಆರೈಕೆ. ರಾಜ್ಯದ ಮಾನಸಧಾರಾ ಕೇಂದ್ರಗಳು ಇದಕ್ಕೇ ಇವೆ: ಬೆಳಿಗ್ಗೆ ಹೋಗಿ ಸಂಜೆ ಮರಳುವುದು, ನಡುವೆ ಕೈಕೆಲಸ, ದಿನಚರಿಯ ಅಭ್ಯಾಸ. ನೋಡಿಕೊಳ್ಳುವ ತಾಯಿಗೋ ಹೆಂಡತಿಗೋ ಹಗಲು ಕೆಲಸಕ್ಕೆ ಹೋಗಲು ಇದರಿಂದ ಸಾಧ್ಯವಾಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರು ಹೇಳುತ್ತಾರೆ. ಮರೆವಿನ ಕಾಯಿಲೆಯ ಹಿರಿಯರಿಗೆ ಸಹಾಯ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ರಲ್ಲಿ ವಿಚಾರಿಸಿ.

ದುಡ್ಡು ಕೊಟ್ಟು ಖಾಸಗಿ ಏಜೆನ್ಸಿಯಿಂದ ಜನ ಇಟ್ಟುಕೊಳ್ಳುವುದಾದರೆ, ಬರುವವರು ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಾಯಿತ ನರ್ಸೋ, ಬರಿಯ ಸಹಾಯಕರೋ ಎಂದು ಮೊದಲು ತಿಳಿಯಿರಿ. ಸಹಾಯಕರ ಕೈಯಲ್ಲಿ ಇಂಜೆಕ್ಷನ್ ಕೊಡಿಸಬಾರದು. ಪೊಲೀಸ್ ಪರಿಶೀಲನೆಯ ಪತ್ರ, ರಜೆ ಹಾಕಿದ ದಿನ ಬದಲಿ ಜನ, ಮಾಡುವ ಮತ್ತು ಮಾಡದ ಕೆಲಸಗಳ ಪಟ್ಟಿ ಬರಹದಲ್ಲಿ ಬರಲಿ. ಕಟ್ಟಿಹಾಕುವುದು, ಕೋಣೆಯಲ್ಲಿ ಕೂಡುವುದು, ವೈದ್ಯರು ಹೇಳದೆ ನಿದ್ದೆ ಮಾತ್ರೆ ಕೊಡುವುದು ಕೂಡದು ಎಂಬ ಸಾಲು ಆ ಪಟ್ಟಿಯಲ್ಲಿ ಇರಲೇಬೇಕು. ಅವರು ಬಂದ ಮೊದಲ ವಾರ ಮನೆಯವರೊಬ್ಬರು ಜೊತೆಗಿರಿ.

ಯಾರೇ ನೋಡಿಕೊಳ್ಳಲಿ, ಒಂದು ನೂರು ಪುಟದ ನೋಟ್‌ಬುಕ್ ಇಡಿ. ದಿನಕ್ಕೊಂದು ಸಾಲು: ತಾರೀಕು, ಬೆಳಗಿನ ಮಾತ್ರೆ, ರಾತ್ರಿ ಮಾತ್ರೆ, ಎಷ್ಟು ಗಂಟೆ ನಿದ್ದೆ, ಊಟ, ವಿಶೇಷ. ಬೈಪೋಲಾರ್ ಇರುವವರಲ್ಲಿ ಉನ್ಮಾದ ಕಾಣಿಸುವ ಮೊದಲು ನಿದ್ದೆ ಇಳಿಯುವುದು ಸಾಮಾನ್ಯ. 7 ಗಂಟೆಯ ನಿದ್ದೆ 5ಕ್ಕೆ, 3ಕ್ಕೆ ಬಂದದ್ದು ನೋಟ್‌ಬುಕ್ಕಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ, ಬಾಯಿಮಾತಿನ ನೆನಪಿನಲ್ಲಿ ಕಾಣುವುದಿಲ್ಲ. ಅಷ್ಟರಲ್ಲೇ ವೈದ್ಯರನ್ನು ಕಂಡರೆ ಅಡ್ಮಿಟ್ ತಪ್ಪೀತು.

ಗುರುತಿನ ಚೀಟಿ, ನಿರಾಮಯ, ಇಎಸ್‌ಐ

ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯ ತಪಾಸಣೆಗೆ ಹೋಗಬೇಕು. ಅಂಗವೈಕಲ್ಯ ಶೇ 40 ಮತ್ತು ಅದಕ್ಕಿಂತ ಹೆಚ್ಚು ಎಂದು ಬಂದರೆ ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಮಾನಸಿಕ ಕಾಯಿಲೆಯನ್ನು ಅಳೆಯುವುದು ‘ಐಡಿಯಾಸ್’ ಎಂಬ ಮಾಪನದಲ್ಲಿ: ತಮ್ಮ ಆರೈಕೆ ತಾವು ಮಾಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕಕ್ಕೆ ಅಂಕ, ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದಕ್ಕೂ ಅಂಕ. ಇಲ್ಲಿ ಮನೆಯವರು ಮಾಡುವ ತಪ್ಪು ಪ್ರೀತಿಯಿಂದಲೇ ಆಗುವಂಥದ್ದು. ಆ ದಿನ ತಾವೇ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ ಕರೆದೊಯ್ದು, ‘ಹೇಗಿದ್ದಾರೆ’ ಎಂದರೆ ‘ಈಗ ಪರವಾಗಿಲ್ಲ’ ಎನ್ನುತ್ತಾರೆ. ಅಂಕ ಇಳಿಯುತ್ತದೆ. ಎಬ್ಬಿಸದಿದ್ದರೆ ಏಳುವುದಿಲ್ಲ, ನಾನು ನೀರು ಹುಯ್ಯದಿದ್ದರೆ ಸ್ನಾನವಿಲ್ಲ, ಕೆಲಸ ಬಿಟ್ಟು ಇಷ್ಟು ವರ್ಷವಾಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಮೊದಲ ಬಾರಿ ಕಾಯಿಲೆ ತೋರಿಸಿದ ವರ್ಷದ ಹಳೆಯ ಚೀಟಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಗುರುತಿನ ಚೀಟಿ ಬಂದ ಮೇಲೆ ಅದರ ಅವಧಿ ಎಂದು ಮುಗಿಯುತ್ತದೆ ಎಂದು ನೋಡಿಟ್ಟುಕೊಳ್ಳಿ.

ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ಹೊರರೋಗಿ ಚಿಕಿತ್ಸೆ, ಥೆರಪಿಗಳಿಗೂ ದುಡ್ಡು ಕೊಡುವ ಅಪರೂಪದ ಸರ್ಕಾರಿ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಬರಿಯ ಸ್ಕಿಜೋಫ್ರೀನಿಯಾ, ಬೈಪೋಲಾರ್ ಇರುವವರಿಗೆ ಸಿಗುವುದಿಲ್ಲ. ಮಧ್ಯವರ್ತಿಗಳು ಹೇಳಿದರೆಂದು ದುಡ್ಡು ಕಟ್ಟಬೇಡಿ. ನಿರಾಮಯದಲ್ಲಿ ಮೊದಲು ನೀವು ಖರ್ಚು ಮಾಡಿ ಆಮೇಲೆ ಬಿಲ್ಲು ಕೊಟ್ಟು ಪಡೆಯುವ ಪದ್ಧತಿ, ಆದ್ದರಿಂದ ಪ್ರತಿ ಥೆರಪಿಗೂ ದಿನಾಂಕ, ಸಹಿ, ಮೊಹರು ಇರುವ ರಸೀದಿ ಬೇಕು.

ತಿಂಗಳ ಸಂಬಳ 21,000 ರೂಪಾಯಿವರೆಗೆ (ಅಂಗವಿಕಲ ನೌಕರರಿಗೆ 25,000) ಇದ್ದು ಇಎಸ್‌ಐ (ನೌಕರರ ವಿಮೆ) ಕಡಿತ ಆಗುತ್ತಿದ್ದರೆ ನೌಕರ ಮತ್ತು ಆತನನ್ನು ಅವಲಂಬಿಸಿದವರಿಗೆ ಹೊರರೋಗಿ ಚಿಕಿತ್ಸೆಯೂ ಮಾತ್ರೆಯೂ ಆ ಡಿಸ್ಪೆನ್ಸರಿಯಲ್ಲೇ ಸಿಗುತ್ತದೆ. ನೌಕರನಿಗೇ ಕಾಯಿಲೆಯಾಗಿ ಕೆಲಸಕ್ಕೆ ಹೋಗಲಾಗದಿದ್ದರೆ ಮೊದಲು 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಸ್ಕಿಜೋಫ್ರೀನಿಯಾ, ಉನ್ಮಾದ-ಖಿನ್ನತೆ, ಡಿಮೆನ್ಶಿಯಾ ಮುಂತಾದವು ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷದ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ ಶೇ 80ರಂತೆ ಎರಡು ವರ್ಷದವರೆಗೂ ಮುಂದುವರಿಯಬಹುದು. ಕಾಯಿಲೆ ಬಂತೆಂದು ರಾಜೀನಾಮೆ ಬರೆದುಕೊಡುವ ಮೊದಲು ಇದನ್ನು ವಿಚಾರಿಸಿ.

ಇಲ್ಲ ಎಂದರೆ ಏನು ಮಾಡುವುದು

ಬಿಪಿಎಲ್ ಕಾರ್ಡಿನವರಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ದುಡ್ಡು ಕೇಳಿದರೆ ಜಗಳಕ್ಕೆ ನಿಲ್ಲದೆ ರಸೀದಿ ಕೇಳಿ. ರಸೀದಿ ಇಲ್ಲದ ದೂರು ಮುಂದೆ ಸಾಗುವುದಿಲ್ಲ. ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರಿಗೆ, ಆಮೇಲೆ ಟ್ರಸ್ಟಿನ ಸಹಾಯವಾಣಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ; ಅದರ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿ.

ಚಿಕಿತ್ಸೆಯಲ್ಲಿ ಲೋಪ, ಒರಟುತನ, ಬಿಡುಗಡೆ ನಿರಾಕರಣೆ ಇದ್ದರೆ ಸಂಸ್ಥೆಯ ಮುಖ್ಯ ವೈದ್ಯಾಧಿಕಾರಿಗೆ ಲಿಖಿತ ದೂರು, ಅಲ್ಲಿ ಪರಿಹಾರ ಸಿಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ. ವಕೀಲರಿಗೆ ದುಡ್ಡು ಬೇಕಿಲ್ಲ. ಕಾಯ್ದೆಯ 27ನೇ ಸೆಕ್ಷನ್ ಉಚಿತ ಕಾನೂನು ನೆರವು ಕೊಡುತ್ತದೆ, ಕಾನೂನು ಸೇವೆಗಳ ಸಹಾಯವಾಣಿ 15100.

ದೂರು ಒಂದು ಪುಟ ಮೀರದಿರಲಿ. ಕಾಯಿಲೆಯವರ ಹೆಸರು, ಕಾರ್ಡಿನ ಸಂಖ್ಯೆ, ರೆಫರಲ್ ಸಂಖ್ಯೆ, ಹೋದ ದಿನ ಮತ್ತು ಹೊತ್ತು, ಯಾರು ಏನೆಂದರು, ನಿಮಗೆ ಬೇಕಾದದ್ದು ಏನು, ಎಷ್ಟು ದಿನದೊಳಗೆ. ಹತ್ತು ವರ್ಷದ ಕಷ್ಟವನ್ನೆಲ್ಲ ಬರೆದರೆ ಓದುವವರಿಗೆ ಅಂದಿನ ಲೋಪ ಯಾವುದು ಎಂದು ತಿಳಿಯುವುದಿಲ್ಲ. ಮೂಲ ಕಾಗದ ಯಾವುದನ್ನೂ ಕೊಡಬೇಡಿ, ಜೆರಾಕ್ಸ್ ಮಾತ್ರ ಲಗತ್ತಿಸಿ. ದೂರು ನಡೆಯುತ್ತಿರುವಾಗ ಮಂಗಳವಾರದ ಕ್ಲಿನಿಕ್ಕಿಗೆ ಹೋಗುವುದನ್ನು ಬಿಡಬೇಡಿ.